ನೆತ್ತಿ ಇಲ್ಲದ ಟೋಪಿ

ಬೆಟಗೇರಿಯಿಂದ ಹೊರಟಾಗ ನನ್ನ ಚೀಲದಲ್ಲಿ ಎರಡು ಟೋಪಿ ಇದ್ದವು. ಒಂದು, ಅಜ್ಜ ತನ್ನ ಮದುವೆಯಲ್ಲಿ ಹಾಕಿಕೊಂಡಿದ್ದ ಬಿಳಿ ನೂಲಿನ ಟೋಪಿ. ನೆತ್ತಿಯನ್ನು ಹುಳು ತಿಂದು, ಸುತ್ತಿನ ಪಟ್ಟಿ ಮಾತ್ರ ಉಳಿದಿತ್ತು. ಇನ್ನೊಂದು, ಆ ಪಟ್ಟಿ ನೋಡಿಕೊಂಡು ನಾನು ಹೆಣೆದದ್ದು, ಇನ್ನೂ ಹೆಣಿಗೆ ಕಡ್ಡಿಗಳ ಮೇಲೇ ಇತ್ತು. ಹೆಣಿಗೆ ನಾನು ಕಲಿತದ್ದು ಮೊಬೈಲ್ ನೋಡಿ. ಹಿಮದ ಹೂವು, ಸಾರಂಗ ಎಲ್ಲ ಹೆಣೆದಿದ್ದೆ. ನಮ್ಮ ಮನೆಯದೇ ಒಂದು ನಮೂನೆ ಇದೆ ಅಂತ ಗೊತ್ತಾದದ್ದು ಟ್ರಂಕಿನಿಂದ ಈ ಟೋಪಿ ಹೊರಬಂದ ಮೇಲೆ!

ಮುಂದಿನ ವಾರ ಅಣ್ಣ ದಸ್ತಗೀರನ ಮದುವೆ. ಹುಡುಗಿ ಶಮೀಮ, ಶಿರಹಟ್ಟಿಯವಳು. ಅಣ್ಣ ಅಜ್ಜನಂಥದೇ ಟೋಪಿ ಹಾಕಿಕೊಂಡು ಕೂರಬೇಕು ಅಂತ ನನ್ನ ಹಟ. ಆದರೆ ನೆತ್ತಿಯ ನಮೂನೆ ಹೇಗಿತ್ತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನೆತ್ತಿ ಇಲ್ಲಾಂದ್ರ ಗಾಳಿ ಚಲೋ ಆಡತೈತಿ ಬಿಡ," ಅಂದ ಅಣ್ಣ.

ಗದಗಿನಲ್ಲಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಬಂತು. ಮುಳಗುಂದ ದಾಟುವಾಗ ಎರಡೂ ಕಡೆ ಎರೆ ಹೊಲಗಳಲ್ಲಿ ಕಡಲೆ ಬೆಳೆ ಹಸಿರಾಗಿತ್ತು, ಕಿಟಕಿಯಿಂದ ತಣ್ಣನೆ ಗಾಳಿ ಬರುತ್ತಿತ್ತು.

ಲಕ್ಷ್ಮೇಶ್ವರದಲ್ಲಿ ಅಜ್ಜನ ತಂಗಿ ಹುಸೇನವ್ವಜ್ಜಿ ಇದ್ದಾಳೆ. ಒಗ್ಗರಣೆ ಚುರುಮುರಿ, ಬಿಸಿ ಮಿರ್ಚಿ ಮುಂದಿಟ್ಟು, ಟೋಪಿಯನ್ನು ಬೆಳಕಿಗೆ ಹಿಡಿದಳು. ಪಟ್ಟಿಯಲ್ಲಿದ್ದ ಬಾಗು ಗೆರೆಗಳನ್ನು ನಾನು ನೀರಿನ ಅಲೆ ಅಂದುಕೊಂಡಿದ್ದೆ.

"ಎಲ್ಲಿ ಅಲಿ ಲೇ ಹುಚ್ಚಿ, ಇದು ಬಿಲ್ಲು! ನಮ್ಮಪ್ಪ ಹತ್ತಿ ಪಿಂಜೋ ಬಿಲ್ಲು. ನಮ್ಮವ್ವ ಛತ್ರಿ ಕಡ್ಡಿ ಕಲ್ಲಿಗೆ ತಿಕ್ಕಿ ಸೂಜಿ ಮಾಡ್ಕೊಂಡು ಹೆಣದಾಳ ಇದನ್ನ."

ಅಟ್ಟದಿಂದ ಬಿಲ್ಲನ್ನು ಇಳಿಸಿ, ತಂತಿ ಮೀಟಿದಳು. ಇಷ್ಟು ದಿನ ಕುಣಿಕೆ ಕುಣಿಕೆಯಾಗಿ ನಾನು ಮುತ್ತಜ್ಜನ ಬಿಲ್ಲನ್ನು ಹೆಣೆಯುತ್ತಿದ್ದೆ, ನನಗೇ ಗೊತ್ತಿಲ್ಲದೆ!

"ನೆತ್ತಿ ಹೆಂಗಿತ್ತಬೇ?"

"ನಾ ಆಗ ಸಣ್ಣಾಕಿ. ಟೋಪಿ ಮುಂಡರಗಿಗೆ, ನಿಮ್ಮಜ್ಜಿ ತವರಿಗೆ ಹೋಗಿತ್ತು. ಬರೂವಾಗ ನೆತ್ತಿ ಮುಚ್ಕೊಂಡು ಬಂತು. ಅಲ್ಲೇ ಹೋಗಿ ಕೇಳು."

ಸಂಜೆಯೊಳಗೆ ಮುಂಡರಗಿ ಮುಟ್ಟಿದೆ. ತೀರಿಹೋದ ನಮ್ಮ ಅಜ್ಜಿಯ ತಂಗಿ ಅಲ್ಲಿದ್ದಾಳೆ, ನಮಗೆಲ್ಲ ಸಣ್ಣಜ್ಜಿ. ರೊಟ್ಟಿ, ಪುಂಡಿಪಲ್ಯ ಬಡಿಸಿ, ನನ್ನ ಪ್ರಶ್ನೆ ಕೇಳುತ್ತಲೇ ರೊಟ್ಟಿ ಬುಟ್ಟಿಯನ್ನು ಖಾಲಿ ಮಾಡಿ ನೆಲದ ಮೇಲೆ ಬೋರಲು ಹಾಕಿದಳು.

"ಹಿಂಗಿತ್ತು. ನಮ್ಮಪ್ಪ ತುಂಗಭದ್ರಾ ಹೊಳ್ಯಾಗ ಹರಿಗೋಲು ಹಾಕ್ತಿದ್ದ. ಹರಿಗೋಲಿನ ತಳಾನ ಆ ಟೋಪಿ ನೆತ್ತಿ."

ಬುಟ್ಟಿಯ ನಡುವಿನಿಂದ ಬಿದಿರು ಕಡ್ಡಿಗಳು ಸುತ್ತಲೂ ಹರಡಿದ್ದವು. ಬೋರಲು ಬಿದ್ದ ಹರಿಗೋಲನ್ನು ಅಜ್ಜ ತಲೆಯ ಮೇಲೆ ಹೊತ್ತು ಮದುವೆಯಾಗಿದ್ದ! ನಾನು ಊಟ ಅರ್ಧಕ್ಕೇ ಬಿಟ್ಟು, ಕೈ ತೊಳೆದು ಹೆಣಿಗೆ ಕಡ್ಡಿ ತೆಗೆದೆ. ಸಣ್ಣಜ್ಜಿ ಥಟ್ಟನೆ ನನ್ನ ಕೈ ಹಿಡಿದಳು.

"ನೆತ್ತಿ ನೀ ಹೆಣೀಬ್ಯಾಡ. ಪಟ್ಟಿ ಗಂಡಿನ ಮನಿದು, ನೆತ್ತಿ ಹೆಣ್ಣಿನ ಮನಿದು. ಹರಿಗೋಲು ನಿಮ್ಮಜ್ಜಿ ಮದುವ್ಯಾಗ ಬಂದಿದ್ದು. ನಿಮ್ಮಣ್ಣಗ ಏನು ಬರತೈತೋ, ಬೀಗರ ಮನ್ಯಾಗ ಕೇಳು."

ನಾನು ಕಡ್ಡಿಗಳನ್ನು ಮತ್ತೆ ಚೀಲಕ್ಕೆ ಹಾಕಿದೆ. ನಮ್ಮ ಮನೆಯ ನಮೂನೆ ಅಂತ ಹುಡುಕಿಕೊಂಡು ಬಂದರೆ, ಅದರ ಅರ್ಧ ಪ್ರತಿ ಮದುವೆಗೂ ಬೇರೆ ಮನೆಯಿಂದ ಬರಬೇಕಂತೆ. ಬೀಗರಿಗೆ ಹೆಣಿಗೆ ಬರದಿದ್ದರೆ? ಟೋಪಿ ಹೀಗೇ ಉಳಿದರೆ?

ಮರುದಿನ ಶಿರಹಟ್ಟಿಯಲ್ಲಿ ಇಳಿದು ಬೀಗರ ಮನೆಯ ಬಾಗಿಲಲ್ಲಿ ನಿಂತೆ. ಮದುವೆಗೆ ಮೊದಲು ಗಂಡಿನ ತಂಗಿ ಒಬ್ಬಳೇ ಬಂದದ್ದು ನೋಡಿ ಶಮೀಮಳ ತಾಯಿ ಬೆದರಿಬಿಟ್ಟರು.

"ಏನಾತವ್ವಾ? ಮದುವಿ ಏನರ..."

"ಏನಿಲ್ರಿ, ಟೋಪಿ ನೆತ್ತಿ ಬೇಕಾಗಿತ್ರಿ," ಅಂದೆ. ಒಳಗೆ ಶಮೀಮ ಪಕಪಕ ನಕ್ಕಳು.

ವಿಷಯ ಹೇಳಿದೆ. ಆ ಮನೆಯಲ್ಲಿ ಯಾರಿಗೂ ನೂಲಿನ ಹೆಣಿಗೆ ಬರುವುದಿಲ್ಲ ಅಂದರು. ಶಮೀಮಳ ತಂದೆ ಹಗ್ಗದ ಮಂಚ, ಹೊರಸು ಹೆಣೆಯುವವರು. ಅಂಗಳದಲ್ಲಿ ಅರ್ಧ ಹೆಣೆದ ಹೊರಸು ಇತ್ತು. ನಡುವೆ ಒಂದು ಚೌಕ, ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ನಾನು ನೋಡುತ್ತಲೇ ನಿಂತೆ. ಶಮೀಮಳೂ ಅದನ್ನೇ ನೋಡುತ್ತಿದ್ದಳು.

"ಇದು ಟೋಪಿ ಮ್ಯಾಲೆ ಬರತೈತೇನು? ನಂಗ ಕಲಸ್ತಿ?"

ಮಧ್ಯಾಹ್ನವೆಲ್ಲ ಕಲಿಸಿದೆ. ಚೌಕ ಬರಲು ಎಲ್ಲೆಲ್ಲಿ ಎರಡು ಕುಣಿಕೆ ಒಂದು ಮಾಡಬೇಕು ಅಂತ ಹೊರಸು ನೋಡಿಕೊಂಡು ಇಬ್ಬರೂ ಲೆಕ್ಕ ಹಾಕಿದೆವು. ಒಂದು ಕುಣಿಕೆ ಜಾರಿದಾಗ ನನ್ನ ಕೈ ತಾನೇ ಮುಂದೆ ಹೋಯಿತು.

"ಕೈ ಹಚ್ಚಬ್ಯಾಡ, ಇದು ನಮ್ಮ ಮನಿದು," ಅಂತ ಶಮೀಮ ಅದನ್ನು ತಾನೇ ಎತ್ತಿದಳು.

ಕೊನೆಯ ಬಸ್ಸಿಗೆ ಹೊರಡುವಾಗ ಟೋಪಿಯನ್ನು ಅಲ್ಲೇ ಬಿಟ್ಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಪ್ಪ ಮಗಳು ಹೊರಸಿನ ಅಂಚಿಗೆ ಕೂತಿದ್ದರು. ಅಪ್ಪ ಬೆರಳು ತೋರಿಸಿ ಏನೋ ಹೇಳಿದರು, ಅವಳು "ಸುಮ್ನಿರಪಾ, ತಪ್ಪತೈತಿ" ಅಂತ ಗದರಿದ್ದು ರಸ್ತೆಯವರೆಗೂ ಕೇಳಿತು. ಅವಳ ಕೈಯಲ್ಲಿ ಟೋಪಿಯ ನೆತ್ತಿ ಮುಚ್ಚಿಕೊಳ್ಳುತ್ತಿತ್ತು, ಒಂದು ಮೂಲೆ ತುಸು ಸೊಟ್ಟಗೆ.