ಕೆಂದ ಎತ್ತಿನ ತೊಗಲು

ಸುಣ್ಣದ ಕಲ್ಲು ನೀರಿಗೆ ಬಿದ್ದು ಕುದಿಯುವಾಗ ಏಳುವ ಆವಿಗೆ ಒಂದು ವಾಸನೆಯಿದೆ. ಮೊದಲು ಗಂಟಲು ಒಣಗಿಸಿ ಆಮೇಲೆ ಕಣ್ಣಿಗೆ ಬರುವ ವಾಸನೆ. ಬಳ್ಳಾರಿಯ ನಮ್ಮ ಬೀದಿಯಲ್ಲಿ ಹೋದ ತಿಂಗಳು ಯಾರೋ ಹಳೆಯ ಗೋಡೆಗೆ ಬಳಿಯಲೆಂದು ಡ್ರಮ್ಮಿನಲ್ಲಿ ಸುಣ್ಣ ನೆನೆಹಾಕಿದ್ದರು. ತರಕಾರಿ ಚೀಲ ಹಿಡಿದು ಬರುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. ಬಣ್ಣದವನು ‘ಯಾಕಮ್ಮಾ, ಕಣ್ಣಾಗ ಹೋತೇನು?’ ಎಂದು ಕೇಳಿದ. ಹೂಂ ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ. ಅಷ್ಟು ಹೊತ್ತಿಗೆ ನಾನು ಬಳ್ಳಾರಿಯಲ್ಲಿ ಇರಲೇ ಇಲ್ಲ. ಸಿರುಗುಪ್ಪದ ಕಡೆಯ ನಮ್ಮೂರಲ್ಲಿ, ಕೇರಿಯ ಕೊನೆಯ ಮನೆಯ ಹಿತ್ತಲಲ್ಲಿ, ಹತ್ತು ವರ್ಷದ ಹುಡುಗಿಯಾಗಿ ನಿಂತಿದ್ದೆ.

ಆ ಹಿತ್ತಲಲ್ಲಿ ಎರಡು ಗುಂಡಿಗಳಿದ್ದವು. ಒಂದು ಸುಣ್ಣದ್ದು, ಒಂದು ತಂಗಡಿ ತೊಗಟೆಯದ್ದು. ಊರಲ್ಲಿ ಸತ್ತ ದನದ ತೊಗಲು ಮೊದಲು ಸುಣ್ಣದ ಗುಂಡಿಗೆ ಇಳಿಯುತ್ತಿತ್ತು. ಕೂದಲು ಸಡಿಲವಾದ ಮೇಲೆ ಹೆರೆದು, ತೊಳೆದು, ತೊಗಟೆಯ ನೀರಿನಲ್ಲಿ ಮುಳುಗಿಸುತ್ತಿದ್ದರು. ಕೊನೆಗೆ ಅದನ್ನೇ ದೊಡ್ಡ ಚೀಲದಂತೆ ಹೊಲಿದು, ಒಳಗೆ ತೊಗಟೆಯ ನೀರು ತುಂಬಿ, ಬೇವಿನ ಮರಕ್ಕೆ ತೂಗುಹಾಕುತ್ತಿದ್ದರು. ಕೆಂಪು ನೀರು ತೊಗಲಿನ ಮೈಯಿಂದ ಬೆವರಿನಂತೆ ಒಸರಿ ಕೆಳಗಿಟ್ಟ ಮಣ್ಣಿನ ಬಾನಿಗೆ ತೊಟ್ಟಿಕ್ಕುತ್ತಿತ್ತು. ಆ ಸದ್ದು ಕೇಳುತ್ತಲೇ ನಾನು ಮಲಗಿ ಬೆಳೆದವಳು. ತೊಗಟೆ ತರಲು ಅವ್ವ ಮತ್ತು ಅಜ್ಜಿ ನನ್ನನ್ನೂ ಕರೆದುಕೊಂಡು ಕುರುಗೋಡಿನ ಗುಡ್ಡದ ಕಡೆ ಹೋಗುತ್ತಿದ್ದರು. ಹಳದಿ ಹೂ ಬಿಟ್ಟ ತಂಗಡಿ ಗಿಡಗಳನ್ನು ಸುಲಿದು, ಹೊರೆ ಕಟ್ಟಿ, ಬಾದನಹಟ್ಟಿಯ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಹೊರೆ ಬಸ್ಸಿನ ಮೇಲೆ, ನಾವು ಬಸ್ಸಿನ ಹಿಂದಿನ ಸೀಟಿನಲ್ಲಿ. ಪಕ್ಕದವರು ಮೂಗು ಮುಚ್ಚಿಕೊಂಡು ಸರಿದು ಕೂತರೆ ನನಗೆ ಕಿಟಕಿಯ ಜಾಗ ಸಿಗುತ್ತಿತ್ತು. ಅದು ಅವಮಾನ ಅಂತ ತಿಳಿಯುವ ವಯಸ್ಸಲ್ಲ ಅದು. ತಂಗಡಿಯ ಘಾಟು, ಹಸಿ ತೊಗಲಿನ ಹುಳಿ, ಹದವಾದ ಚರ್ಮಕ್ಕೆ ತಿಕ್ಕುವ ಕುಸುಬಿ ಎಣ್ಣೆ, ಇವೆಲ್ಲ ಕೂಡಿದ್ದೇ ನನಗೆ ಮನೆಯ ವಾಸನೆ.

ಮನೆಯಲ್ಲಿ ಕೆಲಸದ ಯಜಮಾನಿಕೆ ಅಜ್ಜಿ ಹುಲಿಗೆಮ್ಮನದು. ತಾತ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅಪ್ಪ ಹೆಚ್ಚಾಗಿ ಭತ್ತದ ಕೂಲಿಗೆ ಹಚ್ಚೊಳ್ಳಿಯ ಕಡೆ ಹೋಗಿರುತ್ತಿದ್ದ. ತೊಗಲು ಸುಲಿಯುವುದು, ಹೆರೆಯುವುದು ಎಲ್ಲ ಅಪ್ಪನ ತಮ್ಮ, ನಮ್ಮ ಚಿಗಪ್ಪ ಮಾರೆಪ್ಪನ ಪಾಲಿಗೆ. ಎತ್ತರದ ಆಳು. ನಗುವಾಗ ಮೊದಲು ಹುಬ್ಬು ಕುಣಿಸಿ ಆಮೇಲೆ ನಗುತ್ತಿದ್ದ. ಕೆಲಸ ಮುಗಿದ ಮೇಲೆ ಮೈಯುಜ್ಜಿ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಸಿರುಗುಪ್ಪಕ್ಕೆ ಹೋಗಿ ತೆಲುಗು ಸಿನಿಮಾ ನೋಡಿ ಬಂದು, ಮರುದಿನ ಹೆರೆಯುತ್ತ ಹೆರೆಯುತ್ತ ಇಡೀ ಕತೆಯನ್ನು ನನಗೆ ಹೇಳುತ್ತಿದ್ದ. ಹೊಡೆದಾಟ ಬಂದಾಗ ಕೈಯಲ್ಲಿನ ಕತ್ತಿ ಎತ್ತಿದರೆ ಅಜ್ಜಿ, ‘ಲೇ ಮಾರ್ಯಾ, ತೊಗಲು ತೂತು ಬಿದ್ದೀತು’ ಎಂದು ಬೈಯುತ್ತಿದ್ದಳು.

ಆ ಬೇಸಿಗೆಯಲ್ಲಿ ಕಾಲುವೆಯ ನೀರು ನಿಂತ ಮೇಲೆ ದನ ಸಾಯತೊಡಗಿದವು. ಮೊದಲು ಎರಡು ಎಮ್ಮೆ, ಆಮೇಲೆ ಕುರಿ. ಜನ ಬಿಸಿಲು ಅಂದರು. ನಮ್ಮ ಹಿತ್ತಲು ಮಾತ್ರ ತುಂಬಿತು. ಎಂದೂ ಕಾಣದಷ್ಟು ತೊಗಲು. ಬೇವಿನ ಮರದಲ್ಲಿ ಒಂದರ ಪಕ್ಕ ಒಂದು ತೂಗಿ, ಕೊಂಬೆಗಳು ಬಾಗಿದವು. ಅವ್ವ ನನಗೆ ಹೊಸ ಲಂಗ ಹೊಲಿಸುವ ಮಾತಾಡಿದಳು. ಅಜ್ಜಿಗೆ ಮಾತ್ರ ಅದು ಸರಿಬರಲಿಲ್ಲ. ಒಂದು ಮಧ್ಯಾಹ್ನ ಮರದ ಕೆಳಗೆ ನಿಂತು, ತೂಗುವ ತೊಗಲುಗಳನ್ನು ನೋಡುತ್ತ, ‘ಇದು ಸುಗ್ಗಿ ಅಲ್ಲಬೇ’ ಎಂದಳು ಅವ್ವನಿಗೆ. ‘ಇಷ್ಟು ಸಾವು ಒಮ್ಮೆಲೆ ಬರಬಾರದು.’ ಹದ್ದುಗಳು ಊರ ಹೊರಗಿನ ಬಯಲು ಬಿಟ್ಟು ಹೋಗುತ್ತಲೇ ಇರಲಿಲ್ಲ. ನಾಯಿಗಳು ಹಗಲಲ್ಲೇ ಊಳಿಡುತ್ತಿದ್ದವು.

ಹಾಗಿರುವಾಗ ಒಂದು ಬೆಳಗ್ಗೆ ಊರ ಗೌಡರು ತಾವೇ ಕೇರಿಯ ತುದಿಗೆ ಬಂದು ನಿಂತರು. ಯಾವಾಗಲೂ ಆಳಿನ ಕೈಲಿ ಹೇಳಿ ಕಳಿಸುತ್ತಿದ್ದವರು ಅವರು. ಕಣ್ಣು ಕೆಂಪಾಗಿದ್ದವು. ಅವರ ಜೋಡಿ ಎತ್ತುಗಳಲ್ಲಿ ಕೆಂದ ಎಂಬುದು ಹಿಂದಿನ ಸಂಜೆಯವರೆಗೂ ಬಂಡಿ ಎಳೆದಿತ್ತು, ಬೆಳಗಾಗುವಷ್ಟರಲ್ಲಿ ಬಿದ್ದಿತ್ತು.

‘ನನ್ನ ಕೆಂದ ಹೋತೋ ಮಾರೆಪ್ಪ’ ಎಂದರು. ‘ಅದರ ತೊಗಲು ಮಣ್ಣುಪಾಲು ಮಾಡಬ್ಯಾಡ. ಹದ ಮಾಡಿ ಒಂದು ಗೆಜ್ಜಿಪಟ್ಟಿ ಮಾಡಿಕೊಡು. ಅದರ ಜೋಡಿ ಎತ್ತಿನ ಕೊರಳಿಗೆ ಕಟ್ಟತೀನಿ.’

ಅಜ್ಜಿ ಚಿಗಪ್ಪನ ಜೊತೆ ಹೋಗಿ ಎತ್ತನ್ನು ನೋಡಿ ಬಂದಳು. ನಾನೂ ಹಿಂದೆ ಹೋಗಿದ್ದೆ. ಮೈ ಉಬ್ಬಿತ್ತು, ಕಾಲು ಮಾತ್ರ ಸೆಟೆದಿರಲಿಲ್ಲ. ಮೂಗಿನಿಂದ ಸುರಿದ ರಕ್ತ ಕಪ್ಪಗೆ, ಹೆಪ್ಪುಗಟ್ಟದೆ, ಇನ್ನೂ ಹರಿಯುತ್ತಿತ್ತು. ಅಜ್ಜಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

‘ಇದನ್ನ ಕೊಯ್ಯಬ್ಯಾಡಲೇ. ಹಂಗ ಹೂಳಿಬಿಡು.’

‘ಯವ್ವಾ, ಗೌಡ್ರು ಅಳಾಕತ್ಯಾರ. ಹೆಂಗ ಇಲ್ಲನ್ನಲಿ?’

‘ಅತ್ತರ ಅಳಲಿ. ನಾಳೆ ನಾನು ಅಳಬಾರದು.’

ಚಿಗಪ್ಪ ಹುಬ್ಬು ಕುಣಿಸಿ ನಕ್ಕ. ಗೌಡರು ಅವನನ್ನು ಎಂದೂ ಪೂರ್ತಿ ಹೆಸರು ಹಿಡಿದು ಕರೆದವರಲ್ಲ. ಅಂದು ‘ಮಾರೆಪ್ಪ’ ಅಂದಿದ್ದರು. ಅವನನ್ನು ಒಪ್ಪಿಸಿದ್ದು ಅದೇ ಇರಬೇಕು ಎಂದು ಈಗ ಅನ್ನಿಸುತ್ತದೆ. ಅವನು ಎತ್ತನ್ನು ಸುಲಿದ. ಬೇಲಿಯ ಮುಳ್ಳು ಗೀರಿದ ಗಾಯ ಅವನ ಮುಂಗೈಯಲ್ಲಿ ಇನ್ನೂ ಹಸಿಯಿತ್ತು. ತೊಗಲು ಸುಣ್ಣದ ಗುಂಡಿಗೆ ಇಳಿಯಿತು. ಅಜ್ಜಿ ನನ್ನನ್ನು ಹಿತ್ತಲಿಗೆ ಬಿಡಲಿಲ್ಲ. ಅವಳೂ ಆ ಗುಂಡಿಯ ಹತ್ತಿರ ಸುಳಿಯಲಿಲ್ಲ.

ಕೆಲವು ದಿನ ಕಳೆದ ಮೇಲೆ ಚಿಗಪ್ಪನ ಮುಂಗೈ ಮೇಲೆ ಸೊಳ್ಳೆ ಕಚ್ಚಿದಂಥ ಒಂದು ಗುಳ್ಳೆ ಎದ್ದಿತು. ಅದು ಒಡೆದು ನಡುವೆ ಕಪ್ಪಾಯಿತು, ಇದ್ದಿಲಿನ ಚೂರು ಇಟ್ಟ ಹಾಗೆ. ಸುತ್ತ ಕೈ ಊದಿಕೊಂಡಿತು. ‘ನೋವಾಗತೈತೇನು?’ ಎಂದು ಅಜ್ಜಿ ಕೇಳಿದಳು. ‘ಇಲ್ಲಬೇ, ಒಂಚೂರೂ ನೋವಿಲ್ಲ’ ಎಂದ. ನನಗೆ ಸಮಾಧಾನವಾಯಿತು. ನೋವಿಲ್ಲದ ಕರಿ ಗುಳ್ಳೆ ಎಂದರೆ ಏನೆಂದು ಬಲ್ಲ ಅಜ್ಜಿ ಗೋಡೆಗೆ ಆತುಕೊಂಡಳು. ಮರುದಿನ ಜ್ವರ ಏರಿತು. ಹಚ್ಚೊಳ್ಳಿಯಿಂದ ಅಪ್ಪನನ್ನು ಕರೆಸಿ, ಟ್ರ್ಯಾಕ್ಟರಿನಲ್ಲಿ ಸಿರುಗುಪ್ಪಕ್ಕೆ, ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಒಯ್ದರು. ಟ್ರ್ಯಾಕ್ಟರು ಹೊರಡುವಾಗ ಚಿಗಪ್ಪ ನನ್ನ ಕಡೆ ನೋಡಿ ಏನೋ ಹೇಳಲು ಹೋದ. ಇಂಜಿನ್ನಿನ ಸದ್ದಿಗೆ ಕೇಳಲಿಲ್ಲ.

ಅಪ್ಪ ಒಬ್ಬನೇ ತಿರುಗಿ ಬಂದ. ದನದ ರೋಗ ಮನುಷ್ಯನಿಗೆ ಹತ್ತಿದೆ, ಹೆಣ ಊರಿಗೆ ಒಯ್ಯುವುದು ಬೇಡ ಎಂದು ಡಾಕ್ಟರು ಹೇಳಿದ್ದರಂತೆ. ಬಳ್ಳಾರಿಯಲ್ಲೇ ಆಳವಾದ ಕುಣಿ ತೋಡಿಸಿ ಮಣ್ಣು ಮಾಡಿದ್ದರು. ‘ಮ್ಯಾಲೆ ಸುಣ್ಣ ಸುರುವಿದರಬೇ’ ಎಂದು ಅಪ್ಪ ಅಜ್ಜಿಗೆ ಹೇಳಿದ. ‘ಪುಟ್ಟಿಗಟ್ಟಲೆ ಸುಣ್ಣ.’ ಅಷ್ಟು ಹೇಳಿ ಹೊರಗೆ ಹೋದ. ಅಜ್ಜಿ ಅಳಲಿಲ್ಲ. ಗೋಡೆಯ ಗೂಟಕ್ಕೆ ತೂಗಿದ್ದ ಚಿಗಪ್ಪನ ಇಸ್ತ್ರಿ ಅಂಗಿಯನ್ನು ಇಳಿಸಿ, ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು. ಆ ವಾರ ದನದ ಡಾಕ್ಟರುಗಳು ಬಂದು ಊರಿನ ದನಕ್ಕೆಲ್ಲ ಸೂಜಿ ಚುಚ್ಚಿದರು. ಸಾವು ನಿಂತಿತು.

ಸುಣ್ಣದ ಗುಂಡಿ ಮುಚ್ಚಬೇಕೆಂದು ಅಜ್ಜಿಯೇ ಹೇಳಿದಳು. ಕೆಂದನ ತೊಗಲಷ್ಟೇ ಅಲ್ಲ. ಮರದಲ್ಲಿ ತೂಗುತ್ತಿದ್ದವು, ಅರ್ಧ ಹದವಾದವು, ಎಲ್ಲವನ್ನೂ ಅಪ್ಪ ಉದ್ದನೆಯ ಕೋಲಿನಿಂದ ಒಳಕ್ಕೆ ದೂಡಿದ. ಮಣ್ಣು ಎಳೆಯುತ್ತಿದ್ದಾಗ ಗೌಡರು ಬಂದರು. ಕೇರಿಯ ತುದಿಯಲ್ಲಿ ನಿಲ್ಲಲಿಲ್ಲ. ನೇರವಾಗಿ ನಮ್ಮ ಹಿತ್ತಲಿಗೇ ನಡೆದು ಬಂದು, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡು ಮಣ್ಣು ಹಾಕತೊಡಗಿದರು. ಗುಂಡಿ ನೆಲದ ಸಮಕ್ಕೆ ಬಂದ ಮೇಲೆ ಗೌಡರು, ‘ಹುಲಿಗೆಮ್ಮ, ನನಗ ಗೊತ್ತಿರಲಿಲ್ಲಬೇ’ ಎಂದರು.

ಅಜ್ಜಿ ಮುಖ ಎತ್ತಿ ಅವರನ್ನು ನೋಡಿದಳು. ‘ಗೊತ್ತಿದ್ದಾಕಿ ನಾನು. ಹೇಳಿದ್ದೆ, ಕೇಳಲಿಲ್ಲ ಅವ’ ಎಂದಳು. ಆಮೇಲೆ, ‘ನೀವು ನಮ್ಮ ಹಿತ್ತಲಕ್ಕ ಕಾಲಿಡಾಕ ಇಷ್ಟು ಆಗಬೇಕಿತ್ತೇನ್ರಿ ಗೌಡ್ರ?’

ಗೌಡರು ಸಲಿಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದರು.

ಮಳೆಗಾಲ ಬರುವ ಮೊದಲೇ ನಾವು ಊರು ಬಿಟ್ಟು ಬಳ್ಳಾರಿಗೆ ಬಂದೆವು. ಅಪ್ಪ ಹಮಾಲಿ ಮಾಡಿದ. ಅವ್ವ ಜೀನ್ಸ್ ಪ್ಯಾಂಟು ಹೊಲಿಯುವಲ್ಲಿ ದಾರ ಕತ್ತರಿಸುವ ಕೆಲಸಕ್ಕೆ ಸೇರಿದಳು. ಸಂಜೆ ಬರುವಾಗ ಅವಳ ಬೆರಳು ನೀಲಿಯಾಗಿರುತ್ತಿದ್ದವು. ಅಜ್ಜಿ ತೊಗಲಿನ ಕೆಲಸದ ಮಾತು ಎತ್ತಲೇ ಇಲ್ಲ. ಚಿಗಪ್ಪನನ್ನು ಮಣ್ಣು ಮಾಡಿದ ಜಾಗ ತೋರಿಸು ಎಂದು ಅಪ್ಪನನ್ನು ಒಮ್ಮೆ ಕೇಳಿದಳು. ಇಬ್ಬರೂ ಹೋದರು. ಗುರುತು ಸಿಗದೆ, ಎಲ್ಲೆಂದರಲ್ಲಿ ಬೆಳೆದ ಜಾಲಿಯ ನಡುವೆ ತಿರುಗಾಡಿ ಬಂದರು. ಆಮೇಲೆ ಕೇಳಲಿಲ್ಲ. ಅವಳು ಹೋಗಿ, ಅವ್ವ ಹೋಗಿ, ಈಗ ಅಪ್ಪನೂ ಇಲ್ಲ. ಆ ಮನೆಯವರ ಪೈಕಿ ಉಳಿದವಳು ನಾನೊಬ್ಬಳೇ.

ಅಪ್ಪ ಕೊನೆಗಾಲದಲ್ಲಿ ಗೋಡೆಗೆ ಬುದ್ಧನ ಪಟ ಹಾಕಿದ್ದ. ಅದರ ಪಕ್ಕದಲ್ಲಿ ಅವ್ವ, ಅಪ್ಪ, ಅಜ್ಜಿಯ ಫೋಟೋಗಳಿವೆ. ಚಿಗಪ್ಪನದು ಇಲ್ಲ. ಅವನು ಫೋಟೋ ತೆಗೆಸಿಕೊಂಡವನೇ ಅಲ್ಲ. ಮೊನ್ನೆ ನನ್ನ ಮಗಳು, ಅವರು ನೋಡಲು ಹೇಗಿದ್ದರಮ್ಮಾ ಎಂದು ಕೇಳಿದಳು. ಎತ್ತರ ಇದ್ದ, ಎಣ್ಣೆಗಪ್ಪು, ಎಡಗಿವಿಯ ಹತ್ತಿರ ಒಂದು ಮಚ್ಚೆ ಎಂದೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಮಚ್ಚೆ ಎಡಗಿವಿಗೋ ಬಲಗಿವಿಗೋ ಎಂದು ಅನುಮಾನ ಬಂತು. ಕೇಳೋಣವೆಂದರೆ ಯಾರೂ ಇಲ್ಲ.