ರಬ್ಬರ್ ಕಪ್ಪೆಯ ವರ

ವರನನ್ನು ನೋಡಲು ಜನ ಮನೆಗೆ ಹೋಗುತ್ತಾರೆ, ಗುಡಿಗೆ ಹೋಗುತ್ತಾರೆ, ಈಚೆಗೆ ಹೋಟೆಲಿಗೂ ಹೋಗುತ್ತಾರೆ. ನಾನು ಕೆರೆಗೆ ಹೋಗಿದ್ದೆ. ಒಬ್ಬಳೇ, ಸ್ಕೂಟಿ ಮೇಲೆ, ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಇನ್ನೂ ಸರಿಯಾಗಿ ಬೆಳಕು ಹರಿಯುವ ಮೊದಲೇ. (ನಮ್ಮ ಯಜಮಾನರು ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಹೇಳಿದ್ದರೆ ಬಿಡುತ್ತಿದ್ದರೇ?)

ಮೊದಲಿನಿಂದ ಹೇಳುತ್ತೇನೆ. ನಾನು ಇರುವುದು ರೋಣದಲ್ಲಿ. ಅಣ್ಣನ ಮನೆ ನರಗುಂದದಲ್ಲಿ. ಅವನ ಮಗಳು ಗಿರಿಜಾ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ನೋಡಲು ಬಂದ ವರಗಳನ್ನೆಲ್ಲ ಚಹಾ ಕೊಟ್ಟು, ನಯವಾಗಿ ವಾಪಸ್ ಕಳಿಸುತ್ತ ಬಂದವಳು. ಕಾರಣ ಕೇಳಿದರೆ, ಅವರೆಲ್ಲ ನಾನು ಏನಂದರೂ ಹೌದು ಹೌದು ಅನ್ನುತ್ತಾರೆ ಅತ್ತಿ, ಅಂಥವರ ಜೊತೆ ಜೀವನಪೂರ್ತಿ ಜಗಳ ಆಡುವುದು ಹೇಗೆ ಅನ್ನುತ್ತಿದ್ದಳು. ಉತ್ತರ ಇದೆಯೇ ಇದಕ್ಕೆ?

ಅಂಥವಳು ಗಜೇಂದ್ರಗಡದಿಂದ ಒಂದು ಸಂಬಂಧ ಬಂದಾಗ ಫೋಟೋ ನೋಡಿದಳು, ಹುಡುಗನ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಿದಳು. ಆಮೇಲೆ ನನಗೊಬ್ಬಳಿಗೇ ಫೋನ್ ಮಾಡಿ, ದನಿ ಇಳಿಸಿ ಹೇಳಿದಳು: "ಅತ್ತಿ, ಇದೊಂದು ಕೂಡಿ ಬಂದ್ರ ಚಲೋ ಅನಸ್ತೈತಿ."

ಅವಳ ಬಾಯಿಂದ ಇಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಆ ದಿನ ಊಟವೇ ಸೇರಲಿಲ್ಲ, ಅಷ್ಟು ಖುಷಿ.

ಹುಡುಗ ವೀರೇಶ. ಕೈಮಗ್ಗದ ಮನೆತನ. ತಂದೆ ತಾಯಿ ಸೀರೆ ನೇಯುತ್ತಾರೆ, ಇವನು ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟು ಮಾರುತ್ತಾನೆ. ಉಳಿದದ್ದು ವಿಚಾರಿಸುವುದು. ನಮ್ಮ ಕಡೆ ಹುಡುಗನ ಬಗ್ಗೆ ಹುಡುಗನನ್ನು ಕೇಳುವ ಪದ್ಧತಿ ಇಲ್ಲ. ಚಹಾದಂಗಡಿಯವನನ್ನು ಕೇಳುತ್ತೇವೆ, ಕಟಿಂಗ್ ಅಂಗಡಿಯವನನ್ನು ಕೇಳುತ್ತೇವೆ, ಎದುರುಮನೆ ಕಟ್ಟೆಯ ಮೇಲೆ ಕೂತ ಅಜ್ಜಿಯನ್ನು ಕೇಳುತ್ತೇವೆ. ನಮ್ಮ ಮನೆತನದಲ್ಲಿ ಈ ಡ್ಯೂಟಿ ಕಾಯಂ ನನ್ನದು. ಬಾಯಿ ಜೋರು ಅನ್ನುವುದೊಂದೇ ನನ್ನ ಅರ್ಹತೆ.

ಚಹಾದಂಗಡಿಯವನು ಹುಡುಗ ಬಂಗಾರ ಅಂದ. ಕುಡಿತ ಇಲ್ಲ, ಇಸ್ಪೀಟಿಲ್ಲ, ಯಾರ ಗೊಡವೆಗೂ ಹೋಗುವುದಿಲ್ಲ. ಆದರೆ ಭಾನುವಾರ ಮಾತ್ರ ಊರಲ್ಲಿ ಸಿಗುವುದಿಲ್ಲ, ಪ್ರತಿ ಐತಾರವೂ ನಾಪತ್ತೆ ಅಂದ. ಮತ್ತೆ ಎಲ್ಲಿಗೆ ಹೋಗುತ್ತಾನೆ? ಸವಡಿ ಕಡೆಯ ಕೆರೆಗೆ, ಉದ್ದನೆಯ ಕೋಲು, ಒಂದು ಡಬ್ಬಿ ಹಿಡಿದುಕೊಂಡು. ಮೀನು ಹಿಡಿಯಲು.

ಮೀನೇ? ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟದ ಮನೆ ನಮ್ಮದು. ಅವರದೂ ಹಾಗೇ ಎಂದು ಹೇಳಿ ಕಳಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ನಮ್ಮ ಅವ್ವ ಇದ್ದಾಳೆ. ಗಿರಿಜಾ ಬೆಳೆದದ್ದೇ ಈ ಅಜ್ಜಿಯ, ಅವಳ ಬಾಯಲ್ಲಿ ಆಯಿಯ, ಸೆರಗು ಹಿಡಿದು. ಆಯಿ ಒಲ್ಲೆ ಅಂದರೆ ನಾನೂ ಒಲ್ಲೆ ಎಂದು ಅವಳು ಎಲ್ಲರೆದುರು ಹೇಳಿಬಿಟ್ಟಿದ್ದಾಳೆ. ಅವ್ವನೋ, ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವವಳು. ಈ ಮೀನಿನ ಸುದ್ದಿ ಅವಳ ಕಿವಿಗೆ ಬಿದ್ದರೆ ಮುಗಿಯಿತು. ಅದಕ್ಕೇ ಕಣ್ಣಾರೆ ನೋಡಿ ಬರೋಣ ಎಂದು ಹೊರಟಿದ್ದೆ.

ಕೆರೆಯ ಮೇಲೆ ಮಂಜು ಕೂತಿತ್ತು. ಆಚೆ ದಡ ಕಾಣುತ್ತಿರಲಿಲ್ಲ. ಜಾಲಿ ಗಿಡಗಳು ಅರ್ಧ ಇದ್ದವು, ಅರ್ಧ ಇರಲಿಲ್ಲ. ಎಲ್ಲಿಂದಲೋ ಒಂದು ಪಂಪ್‌ಸೆಟ್ಟಿನ ಸದ್ದು, ಅದೂ ನಿದ್ದೆಗಣ್ಣಿನದು. ತಾವರೆ ಎಲೆಗಳ ಅಂಚಿನಲ್ಲಿ ಒಬ್ಬ ಬೆನ್ನು ತಿರುಗಿಸಿ ನಿಂತಿದ್ದ. ನಾನು ನೇರವಾಗಿ ಹೋಗಿ ಗಿರಿಜಾಳ ಅತ್ತೆ ಎಂದು ಪರಿಚಯ ಹೇಳಿದೆ. ಪಾಪ, ಕೋಲಿನ ಜೊತೆ ತಾನೂ ನೀರಿಗೆ ಬೀಳುವುದೊಂದು ಬಾಕಿ. ಸುಧಾರಿಸಿಕೊಂಡು ಫ್ಲಾಸ್ಕಿನಿಂದ ಚಹಾ ಬಸಿದು ಕೊಟ್ಟ. ಸಕ್ಕರೆ ಜಾಸ್ತಿ ಇತ್ತು. (ಇದನ್ನೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ವಿಚಾರಣೆ ಎಂದರೆ ವಿಚಾರಣೆ.)

ಡಬ್ಬಿ ತೆಗೆಸಿ ನೋಡಿದೆ. ಒಳಗೆ ಬಣ್ಣಬಣ್ಣದ ಹುಳುಗಳು, ಗರಗರ ತಿರುಗುವ ತಗಡಿನ ಚಮಚಗಳು, ಗಾಜಿನ ಕಣ್ಣಿನ ಪುಟ್ಟ ಮೀನುಗಳು, ಹೊಟ್ಟೆ ಉಬ್ಬಿಸಿಕೊಂಡ ಕಪ್ಪೆಗಳು. ಎಲ್ಲ ರಬ್ಬರು, ಪ್ಲಾಸ್ಟಿಕ್ಕು. ಲ್ಯೂರ್ ಅನ್ನುತ್ತಾರಂತೆ. ಮೊದಲ ಪಾರ್ಸಲ್ ಬಂದಾಗ ಇವನ ತಾಯಿ ಬಿಚ್ಚಿ ನೋಡಿ, ಕಪ್ಪೆ ಎಂದು ಕಿರುಚಿ ಮಗ್ಗದ ಗುಂಡಿಯಿಂದ ಎದ್ದು ಓಡಿದ್ದರಂತೆ.

ಅಮೆರಿಕದಲ್ಲಿ ಬಾಸ್ ಅಂತ ಒಂದು ಮೀನಿದೆಯಂತೆ. ಅದನ್ನು ಹಿಡಿಯುವ ವಿಡಿಯೋ ನೋಡಿ ನೋಡಿ ಇವನಿಗೆ ಈ ಹುಚ್ಚು ಹತ್ತಿದ್ದು. ನಮ್ಮ ಕೆರೆಯಲ್ಲಿ ಬಾಸ್ ಎಲ್ಲಿಂದ ಬರಬೇಕು? ಇಲ್ಲಿರುವುದು ಕೊರವ ಮೀನು. ಹಾವಿನಂಥ ತಲೆ, ಎಲೆಯಡಿ ಅಡಗಿ ಕೂರುವುದು, ಮೇಲೆ ಏನಾದರೂ ಅಲುಗಾಡಿದರೆ ಸಿಟ್ಟಿಗೆದ್ದು ಹಾರುವುದು. ಅದೂ ಬಾಸ್‌ನಂಥದೇ ಸ್ವಭಾವ ಎಂದ. ಎರೆಹುಳು ಚುಚ್ಚಲು ಮನಸ್ಸಾಗಲಿಲ್ಲವಂತೆ, ಅದಕ್ಕೇ ರಬ್ಬರಿನದು. ಹಿಡಿದ ಮೀನನ್ನು ಮನೆಗೆ ಒಯ್ಯುವುದಿಲ್ಲ, ಮಾರುವುದಿಲ್ಲ, ತಿನ್ನುವ ಮಾತೇ ಇಲ್ಲ. ಅಲ್ಲೇ ಬಿಟ್ಟುಬಿಡುತ್ತಾನೆ. ಕೊಕ್ಕೆ ಸಲೀಸಾಗಿ ಬಿಚ್ಚಲಿ ಎಂದು ಅದರ ತುದಿಯ ಹಿಮ್ಮುಖದ ಚಿಕ್ಕ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟಿದ್ದ. ಕಪ್ಪೆಗಳ ರಬ್ಬರ್ ಕಾಲು ಕಿತ್ತು ಹೋದಲ್ಲೆಲ್ಲ ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆ ಎಳೆ ಕಟ್ಟಿದ್ದ. ನಮ್ಮ ಕೆರೆಯ ಮೀನಿಗೆ ರೇಷ್ಮೆ ಉಟ್ಟ ಕಪ್ಪೆ! ಎಲ್ಲಿಯಾದರೂ ಕಂಡಿದ್ದೀರಾ?

ನೋಡುತ್ತ ಕೂರುವ ಜಾತಿಯವಳೇ ನಾನು? ಕೋಲು ಇಸಿದುಕೊಂಡೆ. ಮೊದಲ ಎಸೆತಕ್ಕೆ ಕಪ್ಪೆ ಮುಂದಕ್ಕೆ ಹೋಗಲಿಲ್ಲ, ರೀಲಿನಲ್ಲಿದ್ದ ದಾರ ಅಷ್ಟೂ ಗುಬ್ಬಿಗೂಡಾಯಿತು. ನಮ್ಮ ಯಜಮಾನರಾಗಿದ್ದರೆ ನನ್ನ ತವರುಮನೆಯ ಮೂರು ತಲೆಮಾರನ್ನು ನೆನೆಯುತ್ತಿದ್ದರು. ಇವನು ನೆಲಕ್ಕೆ ಕೂತ. ಒಂದು ಎಳೆ ಹುಡುಕಿದ, ಸಡಿಲಿಸಿದ, ಇನ್ನೊಂದು ಹುಡುಕಿದ. ದಾರವನ್ನು ಜಗ್ಗಲಿಲ್ಲ, ಹಲ್ಲು ಕಚ್ಚಲಿಲ್ಲ, ನನ್ನ ಕಡೆ ಒಂದು ನೋಟ ಕೂಡ ಬಿಡಲಿಲ್ಲ. ಕುಡಿತ ಇದೆಯೋ ಇಲ್ಲವೋ ಎಂದು ಊರೆಲ್ಲ ಕೇಳುವ ನಾವು, ಗಂಟು ಬಿದ್ದಾಗ ಈ ಮನುಷ್ಯ ಏನು ಮಾಡುತ್ತಾನೆ ಎಂದು ಯಾಕೆ ಕೇಳುವುದಿಲ್ಲ?

ಎರಡನೆಯ ಸಲ ಕಪ್ಪೆ ಎಲೆಗಳ ಆಚೆ ಹೋಗಿ ಬಿತ್ತು. ಎಲೆಯ ಮೇಲಿಂದ ಮೆಲ್ಲಗೆ ಎಳೆಯಬೇಕು. ಅಂಚಿನಿಂದ ನೀರಿಗೆ ಇಳಿಸಬೇಕು. ಕೋಲಿನ ತುದಿ ಸ್ವಲ್ಪ ಕುಣಿಸಿ, ನಿಲ್ಲಿಸಬೇಕು. ಎದ್ದ ಅಲೆ ಸುತ್ತು ಸುತ್ತಾಗಿ ಹೋಗಿ ಸಾಯುವ ತನಕ ಸುಮ್ಮನೆ ಇರಬೇಕು. ಆಮೇಲೆ ಇನ್ನೊಂದು ಕುಣಿತ. ಮೀನು ಹಾರಿದರೆ ಗಡಿಬಿಡಿ ಮಾಡಬಾರದು, ಅದು ಕಪ್ಪೆಯನ್ನು ಬಾಯೊಳಗೆ ತೆಗೆದುಕೊಂಡು ತಿರುಗುವ ತನಕ ತಡೆದು, ಆಮೇಲೆ ಜಗ್ಗಬೇಕು. "ಎಸಿಯೋದು ಲಗೂ ಬರ್ತೈತ್ರಿ ಅಕ್ಕಾರ. ಸುಮ್ನ ಬಿಡೋದ ಬರಂಗಿಲ್ಲ" ಎಂದ.

ಸುಮ್ಮನೆ ಬಿಟ್ಟೆ. ಕೆಂಪು ರೇಷ್ಮೆಯ ಎರಡು ಎಳೆ ನೀರಿನಲ್ಲಿ ಬಿಚ್ಚಿಕೊಂಡು ತೇಲುತ್ತಿದ್ದವು. ನಾನು ಅವನ್ನೇ ನೋಡುತ್ತಿದ್ದೆ. ಮಂಜು ಮೆಲ್ಲಗೆ ಮೇಲೆದ್ದಿತು. ಬಿಸಿಲು ಬಂದು ನೀರಿನ ಮೇಲೆ ಕೂತಿತು, ಒಂದು ಕೊಕ್ಕರೆ ಬಂದು ಬಿಸಿಲಿನಲ್ಲಿ ಕೂತಿತು. ಕುಕ್ಕರಿನ ಸೀಟಿ ಇಲ್ಲ, ಗ್ರೂಪಿನ ಗುಡ್ ಮಾರ್ನಿಂಗ್ ಇಲ್ಲ. ನಾನು ಅಡುಗೆಯವಳಲ್ಲ, ಅತ್ತೆಯಲ್ಲ, ಅಂಕಣ ಬರೆಯುವವಳೂ ಅಲ್ಲ. ಬರೀ ಎರಡು ಕಣ್ಣು. ಒಂದೇ ವಸ್ತುವನ್ನು ಅಷ್ಟು ಹೊತ್ತು ನೋಡಿದ್ದು ಯಾವಾಗ? ಮಗ ಹುಟ್ಟಿದಾಗ ಅವನು ಮಲಗಿದ್ದನ್ನು ಹಾಗೆ ನೋಡುತ್ತ ಕೂರುತ್ತಿದ್ದೆ. ಆಮೇಲೆ ನೆನಪಿಲ್ಲ.

ಭಳ್ ಎಂದು ನೀರು ಒಡೆಯಿತು. ಹೇಳಿದ್ದೆಲ್ಲ ಮರೆತು ಜಗ್ಗಿಬಿಟ್ಟೆ. ಮೀನು ಹೋಯಿತು, ಕಪ್ಪೆ ಹಾರಿ ಬಂದು ನನ್ನ ಹೆಗಲ ಮೇಲೆ ಕೂತಿತು. ನಾನು ಕೂಗಿದ ಕೂಗಿಗೆ ಕೊಕ್ಕರೆ ಊರು ಬಿಟ್ಟಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಮೇಲೆ ಅವನಿಗೊಂದು ಸಿಕ್ಕಿತು. ಮೊದಲು ಕೈ ಒದ್ದೆ ಮಾಡಿಕೊಂಡ, ಒಣ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಹೋಗುತ್ತದಂತೆ. ಕೊಕ್ಕೆ ಬಿಡಿಸಿ, ನೀರೊಳಗೇ ಹಿಡಿದುಕೊಂಡು, ಅದಕ್ಕೆ ಉಸಿರು ಬರುವ ತನಕ ಕಾದ. ಅದು ಬಾಲ ಬೀಸಿ ಹೋಯಿತು. ನಾನು ವಿಚಾರಣೆಗೆ ಬಂದವಳು, ವರನ ವಕೀಲಳಾಗಿ ವಾಪಸ್ ಬಂದೆ.

ಆದರೆ ಜಡ್ಜು ನಮ್ಮ ಅವ್ವ. ಮುಚ್ಚಿಟ್ಟು ಮದುವೆ ಮಾಡುವುದು ನನ್ನಿಂದಾಗದ ಮಾತು. ನರಗುಂದಕ್ಕೆ ಹೋಗಿ, ಅವಳ ಮಗ್ಗುಲಲ್ಲಿ ಕೂತು ಎಲ್ಲ ಹೇಳಿದೆ. ತಿನ್ನುತ್ತಾನೇನು ಎಂದು ಕೇಳಿದಳು. ಇಲ್ಲ ಅಂದೆ. ಮಾರುತ್ತಾನೇನು? ಇಲ್ಲ. ಮತ್ತೆ ಏನು ಮಾಡುತ್ತಾನೆ? ಬಿಟ್ಟುಬಿಡುತ್ತಾನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಇಲ್ಲಿಗೆ ಕೇಸು ಗೆದ್ದೆ ಅಂದುಕೊಂಡಿದ್ದೆ.

ಅವ್ವ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಂದಳು: "ಹಸದಾಂವ ಹಿಡದು ತಿಂದ ಅಂದ್ರ ನನಗ ತಿಳೀತೈತಿ. ಇಂವಗ ಹಸಿವಿಲ್ಲ, ಗಿಸಿವಿಲ್ಲ. ಸುಮ್ನ ಇದ್ದದ್ದರ ಬಾಯಿಗಿ ಕೊಕ್ಕಿ ಹಾಕಿ, ದಂಡಿಗಿ ಜಗ್ಗಿ, ಆಮ್ಯಾಲ ಹೋಗು ಅಂತಾನಲ್ಲ. ಇದು ಯಾವ ಸೀಮಿ ಆಟ?"

ಮುಳ್ಳು ಚಪ್ಪಟೆ ಮಾಡಿದ್ದಾನೆ ಅವ್ವಾ ಅಂದೆ. ನಿನ್ನ ತುಟಿಗೆ ಹಾಕಿಕೊಂಡು ನೋಡು ಅಂದಳು. ಕೇಸು ವಜಾ.

ಹಾಗೂ ಹೀಗೂ ಹೆಣ್ಣು ನೋಡುವ ಶಾಸ್ತ್ರವೊಂದು ನಡೆಯಿತು. ವೀರೇಶ ಮನೆಯವರೊಂದಿಗೆ ನರಗುಂದಕ್ಕೆ ಬಂದ. ಉಪ್ಪಿಟ್ಟು ಕೈಗೆ ಬಂದದ್ದೇ ತಡ, ಅವ್ವ ಆ ಆಟ ಬಿಡುತ್ತೀಯಾ ಎಂದು ಎಲ್ಲರೆದುರು ಕೇಳಿಯೇಬಿಟ್ಟಳು. ಹೌದನ್ನು, ಹೌದನ್ನು ಎಂದು ನಮ್ಮಣ್ಣ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದ. ಅಷ್ಟಂದಿದ್ದರೆ ಮುಗಿಯುತ್ತಿತ್ತು.

"ಬಿಡ್ತೀನಿ ಅಂದ್ರ ಸುಳ್ಳ ಆಕ್ಕೈತ್ರಿ ಅಮ್ಮಾರ" ಅಂದ ಹುಡುಗ. ತಟ್ಟೆ ಕೆಳಗಿಟ್ಟು, ತಲೆ ತಗ್ಗಿಸಿಕೊಂಡು ಇನ್ನಷ್ಟು ಹೇಳಿದ. ವಾರವೆಲ್ಲ ಗಿರಾಕಿಗಳ ಜೊತೆ ಮಾತು, ಮನೆಗೆ ಹೋದರೆ ಮಗ್ಗದ ಸದ್ದು. ಐತಾರ ಆ ನೀರಿನ ಮುಂದೆ ನಿಂತಾಗ ಮಾತ್ರ ನಾನು ನನಗೆ ಸಿಗುತ್ತೇನೆ ಅಂದ. ಹಿಡಿಯುವುದಕ್ಕಿಂತ, ಈಗ ಬಂದೀತು, ಈಗ ಬಂದೀತು ಎಂದು ನಿಲ್ಲುವುದೇ ತನಗೆ ಹೆಚ್ಚು ಅಂದ.

ಅವನ ತಾಯಿಯ ಮುಖ ಬಿಳಿಚಿತ್ತು. ಆಗ ಗಿರಿಜಾ, ಚಹಾದ ತಾಟು ಹಿಡಿದುಕೊಂಡೇ ಕೇಳಿದಳು: "ನಿಮಗ ಅದು ಬರೋದ ಬೇಕಂದ್ರ, ಕೊಕ್ಕಿ ಯಾಕ ಬೇಕು?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಪ್ರಶ್ನೆ ಅಲ್ಲೇ ಉಳಿಯಿತು, ಹುಡುಗನ ಮನೆಯವರು ಎದ್ದು ಹೋದರು. ಅಣ್ಣ ಸಂಬಂಧ ಮುರಿಯಿತು ಎಂದು ಲೆಕ್ಕ ಹಾಕಿ, ಸಿಟ್ಟು ತೀರಿಸಿಕೊಳ್ಳಲು ನನ್ನ ಮೇಲೆ ಹರಿಹಾಯ್ದ. ಗಿರಿಜಾ ಶಾಲೆಗೆ ಹೋದಳು, ಬಂದಳು, ಪೇಪರ್ ತಿದ್ದಿದಳು. ಫೋನ್ ಮಾಡಿದರೆ ಆರಾಮ ಇದ್ದೀನಿ ಅತ್ತಿ ಅನ್ನುತ್ತಿದ್ದಳು. ಅವಳು ಆರಾಮ ಇರಲಿಲ್ಲ. ದನಿಯಲ್ಲೇ ಗೊತ್ತಾಗುತ್ತಿತ್ತು. ನನಗೆ ಅವ್ವನ ಮೇಲೆ ವಿಪರೀತ ಸಿಟ್ಟು ಬಂತು, ಅವಳ ಮಾತು ಸರಿ ಅನಿಸಿದ್ದಕ್ಕೆ ಇನ್ನೂ ಹೆಚ್ಚು ಬಂತು.

ಮಧ್ಯೆ ಎರಡು ಐತಾರ ಕಳೆದ ಮೇಲೆ ವೀರೇಶ ನನಗೆ ಫೋನ್ ಮಾಡಿದ. ಗಿರಿಜಾರನ್ನು ಕೆರೆಗೆ ಕರೆತರಲು ಆಗುತ್ತದೆಯೇ ಎಂದ. ಇಟಗಿ ಭೀಮಾಂಬಿಕೆ ದರ್ಶನಕ್ಕೆ ಹೋಗುತ್ತೇವೆ ಎಂದು ಹೇಳಿ ಅವಳನ್ನು ಕರೆಸಿಕೊಂಡೆ. (ದರ್ಶನಕ್ಕೂ ಹೋದೆವು. ಸುಳ್ಳು ಯಾಕೆ ಹೇಳಬೇಕು? ಸ್ವಲ್ಪ ಸುತ್ತಿ ಹೋದೆವು, ಅಷ್ಟೇ.)

ಅವನು ಏನೂ ವಿವರಿಸದೆ ಕಪ್ಪೆಯನ್ನು ಗಿರಿಜಾಳ ಅಂಗೈ ಮೇಲೆ ಇಟ್ಟ. ಅವಳು ತಿರುಗಿಸಿ ನೋಡಿದಳು. ಅದರ ಮೈಗಿದ್ದ ಎರಡೂ ಕೊಕ್ಕೆ ಬುಡಕ್ಕೇ ಕತ್ತರಿಸಿದ್ದ, ಚುಚ್ಚದ ಹಾಗೆ ಉಜ್ಜಿದ್ದ. ಅವಳು ಎಸೆದಳು. (ನನಗಿಂತ ಚೆನ್ನಾಗಿ, ಹೊಟ್ಟೆಕಿಚ್ಚಿಲ್ಲ.) ಎಳೆದಳು, ಕುಣಿಸಿದಳು, ನಿಂತಳು. ಮೂವರೂ ಆ ಕೆಂಪು ಎಳೆಯನ್ನೇ ನೋಡುತ್ತ ನಿಂತೆವು. ಎಷ್ಟು ಹೊತ್ತೋ. ಹಾಗೇ ಇದ್ದರೂ ಸಾಕು ಅನಿಸುವಷ್ಟು ಹೊತ್ತು.

ಒಮ್ಮೆಲೇ ನೀರು ಎದ್ದಿತು. ಕರಿ ಬೆನ್ನೊಂದು ಹೊರಳಿತು, ದಾರ ಬಿಗಿಯಿತು, ಕೋಲು ಬಾಗಿತು. ಮರುಗಳಿಗೆ ಕಪ್ಪೆ ಪುಳಕ್ಕೆಂದು ಮೇಲೆ ಬಂದು ತೇಲಿತು. ಮೀನು ಉಗುಳಿ ಹೋಗಿತ್ತು. ಗಿರಿಜಾ ಚಿಕ್ಕ ಹುಡುಗಿಯ ಹಾಗೆ ಕುಣಿದಳು.

ಇಷ್ಟೇ ಸಾಕಾಗುತ್ತದೇನು ಎಂದು ಅವಳೇ ಕೇಳಿದಳು. ಅವನು ಸ್ವಲ್ಪ ಯೋಚಿಸಿ ಹೇಳಿದ: "ಖರೇ ಹೇಳ್ತೀನ್ರಿ, ಪೂರಾ ಸಾಕಾಗಂಗಿಲ್ಲ. ಕೈ ಖಾಲಿ ಅನಸ್ತೈತಿ. ಆದ್ರ ಎದಿ ಮೊದಲಿನಷ್ಟ ಹೊಡಕೋತೈತಿ."

ಹಿಂದಿರುಗುವಾಗ ಗಿರಿಜಾ ಸ್ಕೂಟಿಯ ಹಿಂದೆ ಕೂತು, ನನ್ನ ಬೆನ್ನಿಗೆ ಗಲ್ಲ ಆನಿಸಿಕೊಂಡಿದ್ದಳು. ಎರಡೂ ಕಡೆ ಎರೆ ಹೊಲಗಳಲ್ಲಿ ಕಡಲೆ ಹಸಿರು. ನಾನೂ ಗಾಡಿ ಜೋರಾಗಿ ಓಡಿಸಲಿಲ್ಲ.

ಸಂಜೆ ನರಗುಂದದಲ್ಲಿ ಅವ್ವನಿಗೆ ಎಲ್ಲ ಒಪ್ಪಿಸಿದೆವು. ಕೆರೆಯ ದಡದಲ್ಲಿ ನಾನು ಫೋನಿನಲ್ಲಿ ಮಾಡಿಕೊಂಡಿದ್ದ ವಿಡಿಯೋ ತೋರಿಸಿದೆವು. ಕನ್ನಡಕ ಒರೆಸಿಕೊಂಡು ನೋಡಿದಳು. ಇನ್ನೊಮ್ಮೆ ಹಾಕು ಅಂದಳು. ಮತ್ತೆ ಹಾಕು ಅಂದಳು. ಕೊಕ್ಕೆ ಖರೇ ಇಲ್ಲವಲ್ಲ ಎಂದು ಗಿರಿಜಾಳನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಅಣ್ಣನನ್ನು ಕರೆದು, ಹುಡುಗನ ಮನೆಗೆ ಹೇಳಿ ಕಳಿಸು, ಮುಹೂರ್ತ ತೆಗೆಸು ಅಂದಳು. ಗಿರಿಜಾ ಆಯಿಯ ತೊಡೆಯ ಮೇಲೆ ಮುಖ ಇಟ್ಟು ಅತ್ತಳು. ನಾನೂ ಅತ್ತೆ, ಮುಚ್ಚುಮರೆ ಏನು?

ಅವ್ವ ಮೊಮ್ಮಗಳ ತಲೆ ನೇವರಿಸುತ್ತ ಫೋನನ್ನು ಇನ್ನೊಮ್ಮೆ ಕಣ್ಣಿನ ಹತ್ತಿರ ಹಿಡಿದುಕೊಂಡಳು. ನೀರು ಎದ್ದಿತು, ಬೆನ್ನು ಹೊರಳಿತು, ಕಪ್ಪೆ ತೇಲಿತು. ಅವಳ ಹುಬ್ಬು ಗಂಟಾಯಿತು. ಕೇಳಿದಳು:

"ಅಲ್ಲಬೇ, ಉಣ್ಣಾಕಂತ ಬಂದದ್ದರ ಬಾಯಾಗ ರಬ್ಬರ್ ಇಟ್ಟು ಕಳಿಸಿ ಬಂದೀರಲ್ಲ, ಅದು ಇವತ್ತ ಏನ್ ಉಂಡೀತು?"