ಹಸಿವೇ ಕಾಣದ ನಾಯಿಮರಿ

"ಮೋಸ ಮಾಡಿಲ್ರೀ ಸರ, ನೀವೇ ನೋಡ್ರಿ" ಎಂದು ಪೀಣ್ಯದ ಬಾಡಿಗೆ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಮುಂದೆ ಮೊಬೈಲ್ ಹಿಡಿದಳು. ಪರದೆಯಲ್ಲಿ, ನಾವು ವೈಟ್‌ಫೀಲ್ಡ್‌ನಲ್ಲಿ ಕೂತು ರೂಪಿಸಿದ ಆನ್‌ಲೈನ್ ಆಟದ ನಾಯಿಮರಿ ಬಾಲ ಆಡಿಸುತ್ತಿತ್ತು. ಹಗಲೂ ರಾತ್ರಿಯೂ ಅದಕ್ಕೆ ತಪ್ಪದೆ ಊಟ ಬೀಳುತ್ತಿತ್ತು. ಆಡುವವರು ನಿದ್ದೆ ಮಾಡುವುದಿಲ್ಲವೇ? ಯಾರೋ ಪ್ರೋಗ್ರಾಂ ಬರೆದು ಆಡಿಸುತ್ತಿದ್ದಾರೆಂದು ಅನುಮಾನಿಸಿ, ಅಕೌಂಟ್ ಮುಚ್ಚುವುದಾಗಿ ಸಂದೇಶ ಕಳಿಸಿದ್ದೆ. ಮನೆಗೇ ಬಂದು ನೋಡಿ ಎಂಬ ಉತ್ತರ ಬಂದಿತ್ತು.

"ನಾವು ಅಕ್ಕತಂಗ್ಯಾರು ಮೂವರು, ಫ್ಯಾಕ್ಟರ್‍ಯಾಗ ಒಬ್ಬೊಬ್ಬಾಕಿದು ಒಂದೊಂದು ಶಿಫ್ಟ್ ರೀ, ಭೆಟ್ಟಿ ಆಗೂದೇ ಕಡಿಮಿ. ಮೂರೂ ಫೋನಿನ್ಯಾಗ ಇದೇ ಮರಿ. ಒಬ್ಬಾಕಿ ಉಣಿಸಿದ್ದು ಕಂಡ್ರ, ಆಕಿ ಆರಾಮ ಅದಾಳ ಅಂತ ಉಳಿದವರಿಗೆ ತಿಳೀತೈತ್ರಿ."

ಬೇಸರ ಕಳೆಯಲೆಂದು ನಾವು ಮಾಡಿದ ಬೊಂಬೆಯ ಮೂಲಕ ಆ ಮೂವರು ದಿನವೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಿದ್ದರು. ಅಕೌಂಟ್ ಮುಚ್ಚಲಿಲ್ಲ.